ಪದಚರ್ಚೆ: ಇಂಗಾಲವನ್ನು ‘ಇಂಗಿಸುವುದೋ’, ‘ಹಿಡಿದಿಡುವುದೋ’?

ಪ್ರಶ್ನೆ: ಕೊಡಗಿನ ಕಾಫಿ ಬೆಳೆಗಾರರ ಕೈಪಿಡಿಯಲ್ಲಿ ‘ಕಾರ್ಬನ್ ಸೀಕ್ವೆಸ್ಟ್ರೇಷನ್’ಗೆ (ಗಾಳಿಯ ಇಂಗಾಲವನ್ನು ಮಣ್ಣಿನಲ್ಲಿ ಉಳಿಸುವುದಕ್ಕೆ) ‘ಇಂಗಾಲ ಇಂಗಿಸುವುದು’ ಎಂದರೆ ಆದೀತೇ? ‘ನೀರಿಂಗಿಸುವುದು’ ಎಲ್ಲರ ಬಾಯಲ್ಲೂ ಇದೆ. ಮಣ್ಣು ಪರೀಕ್ಷೆ ಚೀಟಿಯ ‘ಸಾವಯವ ಇಂಗಾಲ’ವನ್ನು ‘ಗೊಬ್ಬರದ ಅಂಶ’ ಎಂದು ಬಿಡಿಸಬಹುದೇ? ಬಲ್ಲವರು ತಿಳಿಸಿ.

ಉತ್ತರ: ‘ಇಂಗಿಸುವುದು’ ಬೇಡ, ‘ಹಿಡಿದಿಡುವುದು’ ಇರಲಿ. ಮೇಲೆ ಬಿದ್ದ ನೀರು ತಾನಾಗಿ ಇಂಗುತ್ತದೆ. ಇಂಗಾಲ ಹಾಗೆ ಇಳಿಯದು. ಎಲೆ ಗಾಳಿಯಿಂದ ಹೀರಿದ್ದು ಬೇರಿನ ಒಸರಾಗಿ, ಉದುರಿದ ತರಗೆಲೆಯಾಗಿ ಮಣ್ಣು ಸೇರಬೇಕು. ಸೂಕ್ಷ್ಮಜೀವಿಗಳು ತಿಂದು ಬಿಟ್ಟದ್ದು ಜೇಡಿಯ ಕಣಕ್ಕೆ ಅಂಟಿದರೆ ಬಹುಕಾಲ ಉಳಿಯುತ್ತದೆ. ಬಹುಪಾಲು ಮತ್ತೆ ಗಾಳಿಗೇ ಹೋಗುತ್ತದೆ. ‘ಹಿಡಿದಿಡು’ ಎಂಬಲ್ಲಿ ಕೈ ಸಡಿಲಿಸಿದರೆ ಹೋದೀತು ಎಂಬ ಎಚ್ಚರವೂ ಇದೆ. ಇಳಿಜಾರಿನ ತೋಟವನ್ನು ಪೂರ್ತಿ ಅಗೆದು ನೆಲ ಬೋಳು ಮಾಡಿದರೆ ಆಗುವುದು ಅದೇ: ಗಾಳಿಯಾಡಿ ಕೊಳೆತ ಚುರುಕಾಗುತ್ತದೆ, ಉಳಿದ ಮೇಲ್ಮಣ್ಣು ಆಷಾಢದ ಮಳೆಗೆ ತೊಳೆದುಹೋಗುತ್ತದೆ.

ಅಂದಹಾಗೆ, ‘ಇಂಗು’ವಿಗೂ ‘ಇಂಗಾಲ’ಕ್ಕೂ ನಂಟಿಲ್ಲ. ಇಂಗಾಲದ ಒಡಹುಟ್ಟು ಕೆಂಡ ಎಂಬರ್ಥದ ‘ಇಂಗಳ’. ಎರಡರ ಮೂಲವೂ ‘ಅಂಗಾರ’. ‘ಸ್ಥಿರೀಕರಣ’ವನ್ನೂ ಇಲ್ಲಿಗೆ ಎಳೆಯಬೇಡಿ. ಅದು ಕಾಫಿಗೆ ನೆರಳಾಗುವ ಹಾಲುವಾಣ ಮರದ ಬೇರುಗಂಟಿನಲ್ಲಿ ಸಾರಜನಕಕ್ಕೆ ಆಗುವ ಕೆಲಸ.

‘ಗೊಬ್ಬರದ ಅಂಶ’ ಎಂದರೆ ಓದಿದವರು ಚೀಲ ಲೆಕ್ಕದಲ್ಲಿ ಯೋಚಿಸುತ್ತಾರೆ. ‘ಸಾವಯವ ಇಂಗಾಲ’ ಎಂದೇ ಉಳಿಸಿ, ಅಂಕಿಯ ಅರ್ಥ ಬಿಡಿಸಿ. ಚೀಟಿಯಲ್ಲಿ ಶೇ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದರೆ ಹೆಚ್ಚು. ಅದನ್ನು 1.72ರಿಂದ ಗುಣಿಸಿದರೆ ಸಾವಯವ ವಸ್ತುವಿನ ಅಂದಾಜು ಸಿಗುತ್ತದೆ. ಇವೆರಡನ್ನೂ ಒಂದೇ ಎಂದು ಬರೆದುಬಿಡುವುದು ಸಾಮಾನ್ಯ ತಪ್ಪು. ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 8 ಲಕ್ಷ ಕಿಲೋ ತೂಗುತ್ತದೆ. 0.6 ಇದ್ದದ್ದು 0.7 ಆಗಲು ಅಷ್ಟರಲ್ಲಿ 800 ಕಿಲೋ ಇಂಗಾಲ ನಿಲ್ಲಬೇಕು, ಹಾಕಿದರಷ್ಟೇ ಸಾಲದು. ಒಂದು ಮಳೆಗಾಲದ ಮಾತಲ್ಲ ಅದು. ಒಂದೇ ವರ್ಷದಲ್ಲಿ ಅಂಕಿ ಜಿಗಿದಿದ್ದರೆ ಮಾದರಿ ತೆಗೆದ ಬಗೆಯನ್ನು ಮೊದಲು ಕೇಳಿ: ತರಗೆಲೆ ಸರಿಸದೆ ಗುದ್ದಲಿ ಹಾಕಿದರೆ ಎಲೆಚೂರು, ಬೇರು ಸೇರಿ ಅಂಕಿ ಸುಮ್ಮನೆ ಏರುತ್ತದೆ.

ತೊಟ್ಟಿಲು ಗುಂಡಿಯ (ಕಾಫಿ ಸಾಲುಗಳ ನಡುವೆ ನೀರು, ತರಗೆಲೆ ನಿಲ್ಲಲೆಂದು ತೋಡುವ ಗುಂಡಿಯ) ಮಾತು ಬಂದಲ್ಲಿ ಇದನ್ನೂ ಸೇರಿಸಿ: ಒಣ ಕಾಫಿ ಹೊಟ್ಟನ್ನೋ ಸಿಲ್ವರ್ ಓಕ್ ಎಲೆಯನ್ನೋ ಕೊಳೆಸದೆ ಹಾಗೆಯೇ ಮಣ್ಣಿಗೆ ಬೆರೆಸಿದರೆ, ಕೊಳೆಸುವ ಜೀವಿಗಳು ಗಿಡದ ಪಾಲಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಹಳೆಯ ಎಲೆಗಳು ಹಳದಿಯಾಗುತ್ತವೆ. ಸಗಣಿ, ಹಾಲುವಾಣದ ಸೊಪ್ಪು ಜೊತೆಗಿರಲಿ.

ಬಯೋಚಾರ್‌ಗೆ (ಮಣ್ಣಿಗೆ ಸೇರಿಸಲೆಂದು ಗಾಳಿ ಕಟ್ಟಿ ಸುಟ್ಟ ಕಟ್ಟಿಗೆ, ಹೊಟ್ಟು ಮುಂತಾದವುಗಳಿಗೆ) ‘ಇದ್ದಿಲು’ ಸಾಕು. ‘ಬೂದಿ’ ಅಲ್ಲ, ಬೂದಿಯಲ್ಲಿ ಇಂಗಾಲ ಬಹುತೇಕ ಸುಟ್ಟುಹೋಗಿ ಸುಣ್ಣ, ಪೊಟ್ಯಾಷ್ ಉಳಿದಿರುತ್ತವೆ.