ರಿಕಾರ್ಡೊ ಅಲಾರ್ಕೊನ್: ಚಳವಳಿಗಾರ ರಾಜತಾಂತ್ರಿಕನಾದ ಬಗೆ

ಪ್ರಶ್ನೆ (ರಾಜ್ಯಶಾಸ್ತ್ರ ವಿದ್ಯಾರ್ಥಿನಿ, ಬಳ್ಳಾರಿ)

ಕ್ಯೂಬಾದ ರಿಕಾರ್ಡೊ ಅಲಾರ್ಕೊನ್ ಅವರನ್ನು ಕುರಿತು ಪ್ರಬಂಧ ಸಿದ್ಧಪಡಿಸುತ್ತಿದ್ದೇನೆ. ವಿದ್ಯಾರ್ಥಿಯಾಗಿದ್ದಾಗ ಬತಿಸ್ತಾನ ಸರ್ವಾಧಿಕಾರದ ವಿರುದ್ಧ ಹೋರಾಡಿ, ಕ್ರಾಂತಿಯ ನಂತರ ವಿಶ್ವವಿದ್ಯಾಲಯ ವಿದ್ಯಾರ್ಥಿ ಒಕ್ಕೂಟದ ಅಧ್ಯಕ್ಷರಾದ ಅವರು 1962ರಲ್ಲಿ ವಿದೇಶಾಂಗ ಸಚಿವಾಲಯ ಸೇರಿದರು. 1966ರಲ್ಲಿ, ಮೂವತ್ತು ತುಂಬುವ ಮೊದಲೇ, ವಿಶ್ವಸಂಸ್ಥೆಯಲ್ಲಿ ತಮ್ಮ ದೇಶದ ಕಾಯಂ ಪ್ರತಿನಿಧಿಯಾದರು. ಘೋಷಣೆ ಕೂಗಿ ಬೆಳೆದವರಿಗೆ ಸಂಧಾನದ ಸಂಯಮ ಒಲಿದದ್ದು ಹೇಗೆ?

ಉತ್ತರ (ನಿವೃತ್ತ ಉಪನ್ಯಾಸಕ, ರಾಯಚೂರು)

ಅಂದಿನ ಕ್ಯೂಬಾದ ಸ್ಥಿತಿಯನ್ನು ಮೊದಲು ನೋಡಬೇಕು. 1962ರಲ್ಲಿ ಅಮೆರಿಕ ಖಂಡದ ರಾಷ್ಟ್ರಗಳ ಸಂಘಟನೆ ಕ್ಯೂಬಾ ಸರ್ಕಾರವನ್ನು ಹೊರಗಿಟ್ಟಿತ್ತು. ನೆರೆಹೊರೆಯ ಬಹುತೇಕ ದೇಶಗಳು ಸಂಬಂಧ ಕಡಿದುಕೊಂಡಿದ್ದವು. ಹೀಗಾಗಿ ವಿಶ್ವಸಂಸ್ಥೆಯ ವೇದಿಕೆಯೇ ಅದರ ಪ್ರಮುಖ ಧ್ವನಿಯಾಯಿತು, ಅಲ್ಲಿ ವಾದಿಸಬಲ್ಲವರೇ ಬೇಕಾಗಿದ್ದರು. ಅಲಾರ್ಕೊನ್ 1978ರವರೆಗೆ ಅಲ್ಲಿದ್ದರು. ಆದರೆ ಅವರ ಅತ್ಯುತ್ತಮ ಕೆಲಸ 1994ರದ್ದು ಎಂಬುದು ನನ್ನ ದೃಢ ಅಭಿಪ್ರಾಯ. ಸೋವಿಯತ್ ನೆರವು ನಿಂತು ಹಸಿವು ಕಾಡತೊಡಗಿದಾಗ ಮೂವತ್ತು ಸಾವಿರಕ್ಕೂ ಹೆಚ್ಚು ಜನ ತೆಪ್ಪಗಳಲ್ಲಿ ಸಮುದ್ರಕ್ಕಿಳಿದರು. ರಾಜತಾಂತ್ರಿಕ ಸಂಬಂಧವೇ ಇಲ್ಲದ ಅಮೆರಿಕದೊಡನೆ ಮಾತುಕತೆ ನಡೆಸಿದವರು ಅಲಾರ್ಕೊನ್. ಸೆಪ್ಟೆಂಬರ್ 9ರ ಒಪ್ಪಂದದಂತೆ ವರ್ಷಕ್ಕೆ ಕನಿಷ್ಠ 20,000 ಕ್ಯೂಬನ್ನರಿಗೆ ಕಾನೂನುಬದ್ಧ ವಲಸೆಯ ದಾರಿ ತೆರೆಯಿತು. ಎದುರಾಳಿಯನ್ನು ಬೈಯುತ್ತಲೇ ಅವನೊಂದಿಗೆ ಕೂತು ಬರೆಸಿಕೊಳ್ಳುವುದು ಸಣ್ಣ ಸಾಮರ್ಥ್ಯವಲ್ಲ.

ಉತ್ತರ (ಓದುಗ, ಕೊಪ್ಪಳ)

ಸಂಧಾನಕಾರನನ್ನು ನಾನೂ ಗೌರವಿಸುತ್ತೇನೆ, ಆದರೆ ರಾಜಕಾರಣಿಯನ್ನು ಬಿಟ್ಟು ಪ್ರಬಂಧ ಪೂರ್ಣವಾಗದು. 1993ರಿಂದ 2013ರವರೆಗೆ ಅವರು ಕ್ಯೂಬಾದ ಸಂಸತ್ತಾದ ರಾಷ್ಟ್ರೀಯ ಸಭೆಯ ಅಧ್ಯಕ್ಷರಾಗಿದ್ದರು. ಆ ಸಭೆ ವರ್ಷಕ್ಕೆ ಸಾಮಾನ್ಯವಾಗಿ ಎರಡು ಬಾರಿ, ಕೆಲವೇ ದಿನ ಸೇರುತ್ತಿತ್ತು, ಮತ್ತು ಅದರ ಚುನಾವಣೆಯಲ್ಲಿ ಎಷ್ಟು ಸ್ಥಾನಗಳೋ ಅಷ್ಟೇ ಅಭ್ಯರ್ಥಿಗಳು. ನಮ್ಮ ಸೀಮೆಯಲ್ಲಿ ನಿಜಾಮನ ಆಡಳಿತದ ವಿರುದ್ಧ ಮುಂಡರಗಿಯಲ್ಲಿ ಹೋರಾಟಗಾರರ ಶಿಬಿರ ಕಟ್ಟಿದ ಅಳವಂಡಿ ಶಿವಮೂರ್ತಿಸ್ವಾಮಿಯವರೂ ಹೋರಾಟದಿಂದಲೇ ಸಂಸತ್ತಿಗೆ ಹೋದವರು, ಆದರೆ 1952ರಲ್ಲಿ ಸೋಲಿನ ಸಾಧ್ಯತೆಯನ್ನು ಒಪ್ಪಿಕೊಂಡು ಪಕ್ಷೇತರರಾಗಿ ಮತದಾರರ ಮುಂದೆ ನಿಂತರು. ಅಂಥ ಪರೀಕ್ಷೆ ಅಲಾರ್ಕೊನ್ ಅವರಿಗೆ ಎದುರಾಗಲೇ ಇಲ್ಲ. 2008ರಲ್ಲಿ ಹವಾನಾದ ಮಾಹಿತಿ ವಿಜ್ಞಾನ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯೊಬ್ಬ, ನಮಗೇಕೆ ಸ್ವತಂತ್ರವಾಗಿ ವಿದೇಶಕ್ಕೆ ಹೋಗಲು ಆಗುವುದಿಲ್ಲ ಎಂದು ನೇರವಾಗಿ ಕೇಳಿದ. ಲೋಕದ ಎಲ್ಲರೂ ಹಾರಿದರೆ ಆಕಾಶದಲ್ಲಿ ದಟ್ಟಣೆಯಾಗುತ್ತದೆ ಎಂಬರ್ಥದ ಉತ್ತರ ಬಂತು. ಒಂದು ಕಾಲದ ವಿದ್ಯಾರ್ಥಿ ನಾಯಕರಿಂದ ಆ ಯುವಕನಿಗೆ ಇದಕ್ಕಿಂತ ಪ್ರಾಮಾಣಿಕವಾದ ಮಾತು ಸಲ್ಲಬೇಕಿತ್ತು.

ಮರುಉತ್ತರ (ನಿವೃತ್ತ ಉಪನ್ಯಾಸಕ, ರಾಯಚೂರು)

ಆ ಉತ್ತರವನ್ನು ನಾನೂ ಸಮರ್ಥಿಸಲಾರೆ. ಆದರೂ 1992ನ್ನು ಸೇರಿಸಿಕೊಳ್ಳಿ: ಅವರು ವಿದೇಶಾಂಗ ಸಚಿವರಾಗಿದ್ದ ಆ ವರ್ಷವೇ ಕ್ಯೂಬಾದ ಮೇಲಿನ ಅಮೆರಿಕದ ಆರ್ಥಿಕ ದಿಗ್ಬಂಧನದ ವಿರುದ್ಧದ ಮೊದಲ ನಿರ್ಣಯ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 59–3 ಮತಗಳಿಂದ ಅಂಗೀಕಾರವಾಯಿತು; 71 ದೇಶಗಳು ತಟಸ್ಥವಾಗಿದ್ದವು. ಮುಂದೆ ಬೆಂಬಲ ಹಲವು ಪಟ್ಟು ಬೆಳೆಯಿತು. ಇನ್ನು ಆ ವಿದ್ಯಾರ್ಥಿ ಕೇಳಿದ ವಿಷಯ: ದೇಶ ಬಿಟ್ಟು ಹೋಗಲು ಸರ್ಕಾರದ ಅನುಮತಿ ಬೇಕಾಗಿದ್ದ ನಿರ್ಗಮನ ಪರವಾನಗಿಯ ಪದ್ಧತಿ 2013ರ ಜನವರಿಯಲ್ಲಿ ರದ್ದಾಯಿತು, ಮರುತಿಂಗಳೇ ಅವರು ಅಧ್ಯಕ್ಷಸ್ಥಾನದಿಂದ ಇಳಿದರು. ದಿಗ್ಬಂಧನ, ನಿರ್ಗಮನ ಪರವಾನಗಿ, ಈ ಎರಡನ್ನೂ ಒಂದೇ ಅಧ್ಯಾಯದಲ್ಲಿ ಚರ್ಚಿಸಿ.