ಸಹಾಯ ಬೇಕು: ಕೋಲಾರದ ಬೋರ್‌ವೆಲ್ ನೀರಿಗೆ ಕಾಡು ಬೆಟ್ಟಾ ಮೀನು ಒಗ್ಗುತ್ತಾ?

ನಮಸ್ಕಾರ. ಮನೆಯಲ್ಲಿ ಗಿಡ ತುಂಬಿದ ಮೂರಡಿಯ ಅಕ್ವೇರಿಯಂ ಇದೆ. ಒಳಗೆ ರಾಸ್ಬೋರಾ ಮೀನುಗಳ ಗುಂಪು, ಒಂದಷ್ಟು ಗಪ್ಪಿ. ಇದಕ್ಕೆ ಬೆಟ್ಟಾ ಇಂಬೆಲಿಸ್ ಬಿಡುವ ಆಸೆ. ಅಂಗಡಿಯಲ್ಲಿ ಬಾಟಲಿಯಲ್ಲಿಟ್ಟು ಮಾರುವ ಉದ್ದ ರೆಕ್ಕೆಯ ಫೈಟರ್ ಅಲ್ಲ, ಥಾಯ್ಲೆಂಡ್, ಮಲೇಷ್ಯಾ ಕಡೆಯ ಕಾಡು ಜಾತಿ. ಜಗಳ ಕಡಿಮೆ ಅಂತಾರೆ, ಆದರೂ ಗಂಡುಗಳು ಕಚ್ಚಾಡುತ್ತವೆ ಅಲ್ವಾ? ಅದಕ್ಕೇ ಒಂದೇ ಜೋಡಿ ಸಾಕು.

ತಲೆನೋವು ನೀರಿನದು. ನಮ್ಮ ಬೋರ್‌ವೆಲ್ ನೀರು ಸಿಕ್ಕಾಪಟ್ಟೆ ಗಡಸು, ಟಿಡಿಎಸ್ (ನೀರಲ್ಲಿ ಕರಗಿದ ಲವಣಾಂಶ) 900 ದಾಟುತ್ತದೆ. ಗಪ್ಪಿಗೆ ಗಡಸು ನೀರೇ ಇಷ್ಟ, ಈ ಬೆಟ್ಟಾಗೆ ಮೆದು ನೀರು ಬೇಕು. ಒಣಗಿದ ಬಾದಾಮಿ ಎಲೆ ಹಾಕಿದರೆ ಟೀ ಬಣ್ಣ ಬರುತ್ತದೆ, ಗಡಸುತನ ಮಾತ್ರ ಇಳಿಯಲ್ಲ. ಆರ್‌ಓ ನೀರು ಎಷ್ಟಕ್ಕೆ ಎಷ್ಟು ಬೆರೆಸುತ್ತೀರಿ? ಗಪ್ಪಿಗಳನ್ನು ಬೇರೆ ತೊಟ್ಟಿಗೆ ಹಾಕಲೇಬೇಕಾ? ರಾಸ್ಬೋರಾ ಬಲು ಚುರುಕು, ಬೆಟ್ಟಾಗೆ ಊಟ ಉಳಿಸುತ್ತವಾ?

ಬೆಟ್ಟಾ ಹಾರುತ್ತದೆ, ಮುಚ್ಚಳ ಮಾಡಿಸಿದ್ದೇನೆ. ಸಾಕಿದವರು ದಯವಿಟ್ಟು ಹೇಳಿ, ಜೋಡಿ ತರಿಸುವುದು ಆಮೇಲೆ.