ಸೋಡಾ ದ್ರಾವಣಕ್ಕೆ ಆಸಿಡ್ 20 ಎಂ.ಎಲ್. ಹಿಡಿಯಬೇಕು, 7.6ಕ್ಕೇ ಮುಗಿಯುತ್ತಿದೆ. ಲೆಕ್ಕ ಎಲ್ಲಿ ತಪ್ಪಿದೆ?

ಅರ್ಧಮೋಲ್: ಮೂರು ದಿನದಿಂದ ತಲೆ ಕೆಟ್ಟಿದೆ. ಸೋಡಿಯಂ ಕಾರ್ಬೊನೇಟ್ 2.65 ಗ್ರಾಂ ತೂಗಿ, ನೀರು ಸೇರಿಸಿ 250 ಎಂ.ಎಲ್. ಮಾಡಿದೆ. ಎರಡು ಸೋಡಿಯಂಗೆ 46, ಕಾರ್ಬನ್ 12, ಮೂರು ಆಕ್ಸಿಜನ್‌ಗೆ 48, ಒಟ್ಟು 106 ಗ್ರಾಂಗೆ ಒಂದು ಮೋಲ್. ಅಂದರೆ ನನ್ನದು 0.025 ಮೋಲ್, 0.1 ಮೋಲಾರ್ (ಲೀಟರಿಗೆ 0.1 ಮೋಲ್). ಒಂದು ಕಾರ್ಬೊನೇಟ್‌ಗೆ ಎರಡು ಆಸಿಡ್, ಹಾಗಾಗಿ ಇದರ 10 ಎಂ.ಎಲ್.ಗೆ 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಸಿಡ್ 20 ಎಂ.ಎಲ್. ಬೇಕು, ಅಲ್ವಾ? 7.6ಕ್ಕೇ ಇಂಡಿಕೇಟರ್ (ಆಸಿಡ್ ಸಾಕಾದಾಗ ಬಣ್ಣ ಬದಲಿಸುವ ದ್ರವ) ಬಣ್ಣ ತಿರುಗುತ್ತದೆ. ನಾಲ್ಕು ಸಲ ಮಾಡಿದೆ.

ಬ್ಯುರೆಟ್ ಭಟ್ಟ: ಫೀನಾಲ್ಫ್ತಲೀನ್ ಇಂಡಿಕೇಟರ್ ಹಾಕಿದ್ದೀರಿ. ಅದು ಬೈಕಾರ್ಬೊನೇಟ್ ಆದ ಕೂಡಲೇ, ಅರ್ಧ ದಾರಿಯಲ್ಲೇ ಬಣ್ಣ ಬಿಡುತ್ತದೆ. ಮೀಥೈಲ್ ಆರೆಂಜ್ ಹಾಕಿ.

ಅರ್ಧಮೋಲ್: ಹಾಕಿದ್ದು ಮೀಥೈಲ್ ಆರೆಂಜೇ ಸರ್.

ಬ್ಯುರೆಟ್ ಭಟ್ಟ: ಬಾಟಲಿ ಮೇಲಿನ ಚೀಟಿ ಸರಿಯಾಗಿ ನೋಡಿ. ನನಗೆ ಅದರ ಮೇಲೇ ಅನುಮಾನ.

ತಕ್ಕಡಿ: ಭಟ್ರೇ, ಅರ್ಧ ಅಂದರೆ 10 ಬರಬೇಕಲ್ಲ, 7.6 ಹೇಗೆ? ಇದು ತೂಕದ್ದೇ ತೊಂದರೆ. ನನ್ನ ಹತ್ತಿರ ಮೂರು ದಶಾಂಶ ತೋರಿಸುವ ತಕ್ಕಡಿ ಇದೆ. ಫ್ಯಾನ್ ಹಾಕಿದರೆ ಅಂಕಿ ಕುಣಿಯುತ್ತದೆ. ಬೇಸಿಗೆಯಲ್ಲೂ ಬೆವರುತ್ತಾ ತೂಗುತ್ತೇನೆ. ಇನ್ನೊಂದು, ಸೋಡಿಯಂ 23 ಅಲ್ಲ, 22.99.

ಬ್ಯುರೆಟ್ ಭಟ್ಟ: ಆ 0.01ಕ್ಕೆ 12 ಎಂ.ಎಲ್. ಮಾಯ ಆಯ್ತಾ?

ಹಳೇ ಲ್ಯಾಬ್: ಜಗಳ ಆಮೇಲೆ. ಸೋಡಾ ನೋಡೋಕೆ ಹೇಗಿದೆ, ಹಿಟ್ಟಾ ಹರಳಾ?

ಅರ್ಧಮೋಲ್: ಕಲ್ಲುಸಕ್ಕರೆ ಥರ ಹರಳು, ಮೇಲೆ ಬಿಳಿ ಪುಡಿ. ಕಿರಾಣಿ ಅಂಗಡಿಯ ವಾಷಿಂಗ್ ಸೋಡಾ. ಅದೂ ಸೋಡಿಯಂ ಕಾರ್ಬೊನೇಟೇ ತಾನೇ?

ಹಳೇ ಲ್ಯಾಬ್: ಮೊದಲು ಹೇಳಬೇಕಿದ್ದದ್ದೇ ಅದು ಮಾರಾಯ್ರೆ! ಹರಳಲ್ಲಿ ಒಂದು ಕಾರ್ಬೊನೇಟ್ ಜೊತೆ ಹತ್ತು ನೀರು ಕೂತಿದೆ. 106ಕ್ಕೆ 180 ಸೇರಿಸಿ, 286. ನಿಮ್ಮ 2.65 ಗ್ರಾಂ ಅಂದರೆ ಬರೀ 0.0093 ಮೋಲ್. ಆಸಿಡ್ 7.4 ಹಿಡಿಯಬೇಕು. ನಿಮಗೆ ಚೂರು ಜಾಸ್ತಿ ಬಂದದ್ದು ಆ ಬಿಳಿ ಪುಡಿಯಿಂದ ಇರಬೇಕು. ಗಾಳಿಗೆ ಹರಳು ನೀರು ಬಿಟ್ಟುಕೊಳ್ಳುತ್ತದೆ, ಆಗ ಅಷ್ಟೇ ತೂಕದಲ್ಲಿ ಸೋಡಾ ಜಾಸ್ತಿ ಬರುತ್ತದೆ. 5 ಗ್ರಾಂ ತಗೊಂಡು ಪಿಂಗಾಣಿ ಬಟ್ಟಲಲ್ಲಿ ತೂಕ ಇಳಿಯೋದು ನಿಲ್ಲುವ ತನಕ ಕಾಯಿಸಿ. ಮೊದಲು ತನ್ನ ನೀರಲ್ಲೇ ಕರಗಿ ಸಿಡಿಯುತ್ತದೆ, ಕನ್ನಡಕ ಹಾಕ್ಕೊಳ್ಳಿ.

ತಕ್ಕಡಿ: ನಾನೂ ತೂಕದ್ದೇ ತೊಂದರೆ ಅಂದಿದ್ದೆ.

ಬ್ಯುರೆಟ್ ಭಟ್ಟ: ನೀವು ಅಂದದ್ದು ತಕ್ಕಡಿ ವಿಷಯ. ಸುಮ್ನೆ ಇರಿ.

ಅರ್ಧಮೋಲ್: 5 ಗ್ರಾಂ ಇದ್ದದ್ದು 1.9ಕ್ಕೆ ನಿಂತಿತು. ಇನ್ನಷ್ಟು ಸೋಡಾ ಹೀಗೇ ಕಾಯಿಸಿ, ಆ ಪುಡಿಯಲ್ಲೇ 2.65 ತೂಗಿ ಮಾಡಿದೆ. 19.9! ಹಳೇ ಲ್ಯಾಬ್ ಸರ್, ಥ್ಯಾಂಕ್ಸ್.

ಬ್ಯುರೆಟ್ ಭಟ್ಟ: ಈ ಸಲ ಇಂಡಿಕೇಟರ್ ಹೊಸ ಬಾಟಲಿದಾ?